ಪುಡಿ ಹಾಲಿನ ಮನೆ

ನಮ್ಮೂರಿನಲ್ಲಿ ಬೆಳಗಿನ ಹಾಲು ಕಾಯಿಸುವಾಗ ಯಾರೂ ಮಾತಾಡುವುದಿಲ್ಲ. ಒಲೆಯ ಮುಂದೆ ನಿಂತವಳು ಪಾತ್ರೆಯಿಂದ ಕಣ್ಣು ಕೀಳುವುದಿಲ್ಲ, ಒಳಗೆ ಎಚ್ಚರವಾದವರು ಹೊದಿಕೆಯೊಳಗಿಂದಲೇ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾರೆ. ಹಾಲು ಉಕ್ಕಿ ಬಂತೋ, ರೇಡಿಯೋ ಹಾಡತೊಡಗುತ್ತದೆ, ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತದೆ, ದಿನ ಶುರುವಾಗುತ್ತದೆ. ಹಾಲು ಒಡೆಯಿತೋ, ಆ ಮನೆಯವರಲ್ಲಿ ಯಾರೋ ಹಿಂದಿನ ದಿನ ಕುಡಿದಿದ್ದಾರೆ ಎಂದು ಅರ್ಥ. ಎಲ್ಲಿ ಕುಡಿದರು, ಎಷ್ಟು ದೂರದಲ್ಲಿ ಕುಡಿದರು ಎನ್ನುವುದು ಲೆಕ್ಕಕ್ಕಿಲ್ಲ. ನಮ್ಮ ಹಿಂದಿನ ಬೀದಿಯ ಅಳಿಯನೊಬ್ಬ ಹಡಗಿನ ಕೆಲಸಕ್ಕೆ ಹೋಗಿ ನಡುಸಮುದ್ರದಲ್ಲಿ ಎರಡು ಗುಟುಕು ಹಾಕಿದ್ದಕ್ಕೆ ಇಲ್ಲಿ ಅವನ ಹೆಂಡತಿ ಕಾಯಿಸಲಿಟ್ಟ ಹಾಲು ಗಂಟುಗಂಟಾಗಿ ಬೇರೆಯಾಗಿತ್ತು.

ಹಾಗಾಗಿ ನಮ್ಮಲ್ಲಿ ಸಂಬಂಧ ನೋಡಲು ಬರುವವರು ಹೇಳದೆ ಕೇಳದೆ ಬೆಳಗ್ಗೆಯೇ ಬರುತ್ತಾರೆ. ಕೊಟ್ಟ ಕಾಫಿ ಬೆಳ್ಳಗಿದ್ದರೆ ಜಾತಕ ಹೊರಗೆ ಬರುತ್ತದೆ. ಕಪ್ಪಗಿದ್ದರೆ "ಹೀಗೇ ಈ ಕಡೆ ಬಂದಿದ್ವಿ" ಎಂದು ಎದ್ದು ಚಪ್ಪಲಿ ಹುಡುಕುತ್ತಾರೆ. ನಿಜವಾಗಿಯೂ ಹಾಲಿಲ್ಲದ ಕಾಫಿಯೇ ಇಷ್ಟ ಎನ್ನುವ ಬ್ಯಾಂಕ್ ಮ್ಯಾನೇಜರೊಬ್ಬರು ವರ್ಗವಾಗಿ ಬಂದಿದ್ದರು. ಪಾಪ, ಯಾರೂ ಅವರ ಎದುರು ಕುರ್ಚಿಯಲ್ಲಿ ಕೂರದೆ, ಅವರೇ ಮತ್ತೆ ವರ್ಗ ಮಾಡಿಸಿಕೊಂಡು ಹೋದರು.

ಕುಡಿತ ಬಿಡಲಾಗದ ಗಂಡಸರಿರುವ ಮನೆಗಳಲ್ಲಿ ಹಾಲು ಕಾಯಿಸುವುದನ್ನೇ ನಿಲ್ಲಿಸಿ ಹಾಲಿನ ಪುಡಿ ತರುತ್ತಾರೆ. ಪುಡಿ ಒಡೆಯುವುದಿಲ್ಲ, ಯಾರ ಮೇಲೂ ದೂರು ಹೇಳುವುದಿಲ್ಲ. ಅಂಥ ಮನೆಗೆ ಪುಡಿ ಮನೆ ಎಂದು ಹೆಸರು. ಅಂಗಡಿಯ ಶೆಟ್ಟರು ಆ ಪೊಟ್ಟಣವನ್ನು ಯಾರೂ ಕೇಳದೆಯೇ ಪೇಪರಿನಲ್ಲಿ ಸುತ್ತಿ, ಅಕ್ಕಿಯ ಕೆಳಗೆ ಇಟ್ಟು ಕೊಡುತ್ತಾರೆ. ಪುಡಿ ಮನೆಯ ಹುಡುಗಿಯನ್ನು ಯಾರೂ ತಂದುಕೊಳ್ಳುವುದಿಲ್ಲ, ಪುಡಿ ಮನೆಯ ಅರಿಶಿನ ಕುಂಕುಮಕ್ಕೆ ಹೋದವರು ಅಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲ.

ಮಕ್ಕಳ ಜೊತೆ ಕುಡಿತದ ಬಗ್ಗೆ ನಮ್ಮೂರಿನ ಯಾವ ತಾಯಿ ತಂದೆಯೂ ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕಾಣೆ. ಹಾಲಿದೆಯಲ್ಲ, ಮಾತು ಯಾಕೆ ಎನ್ನುವುದು ನಮ್ಮ ಧೋರಣೆ. ಮಗ ಕಾಲೇಜಿಗೆ ಸೇರಿದರೆ ಅವನಿಗೊಂದು ಬೈಕು ಕೊಡಿಸುತ್ತೇವೆ, ನಮಗೊಂದು ಹೊಸ ಹಾಲಿನ ಪಾತ್ರೆ ಕೊಂಡುಕೊಳ್ಳುತ್ತೇವೆ. ಪಾತ್ರೆ ಚೊಕ್ಕಟವಾಗಿದ್ದರೆ ನಮ್ಮ ಜವಾಬ್ದಾರಿ ಮುಗಿಯಿತು.

ನಾನು ಪಂಕಜಾಕ್ಷಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅನುಮಾನ ಎನ್ನುವುದು ನನಗೆ ತವರಿನಿಂದಲೇ ಬಂದದ್ದು. ತರಕಾರಿಯವನ ತಕ್ಕಡಿ, ಗ್ಯಾಸಿನವನ ಸಿಲಿಂಡರು, ಫೋನಿನಲ್ಲಿ ನಗುನಗುತ್ತಾ ಮಾತಾಡುವ ಗಂಡ, ಬೇಗ ಮಲಗುವ ಅತ್ತೆ, ಎಲ್ಲರ ಮೇಲೂ ನನಗೊಂದು ಕಣ್ಣು. ಒಬ್ಬಳೇ ಮಗಳು ಇಂಚರ. ಗುಡ್ಡದ ಮೇಲಿನ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಾಳೆ. ಅವಳ ಮೇಲೆ ಮಾತ್ರ ನಾನು ಅಷ್ಟಾಗಿ ಅನುಮಾನಪಟ್ಟಿರಲಿಲ್ಲ. ಅವಳು ನನ್ನ ಕಣ್ಣೆದುರೇ ಬೆಳೆದವಳಲ್ಲವೇ.

ಅವಳ ಅರ್ಧ ವರ್ಷದ ಪರೀಕ್ಷೆ ಮುಗಿದ ಮರುದಿನ ನಮ್ಮ ಮನೆಯ ಹಾಲು ಒಡೆಯಿತು. ಮೊದಲು ಪಾತ್ರೆಯನ್ನು ಮೂಸಿದೆ, ಆಮೇಲೆ ಅತ್ತೆಯ ಕೋಣೆಗೆ ಹೋದೆ.

"ಅತ್ತೆ, ಆ ದ್ರಾಕ್ಷಾರಿಷ್ಟ ಏನಾದ್ರೂ ಕುಡಿದ್ರಾ?"

"ಅದು ಮುಗಿದು ಯಾವ ಕಾಲ ಆಯ್ತು! ಎಪ್ಪತ್ತು ದಾಟಿದ ಮುದುಕಿ ಮೇಲೆ ಅನುಮಾನಪಡ್ತೀಯಲ್ಲ, ನಿನ್ನ ನಾಲಿಗೆಗೆ ಮೂಳೆ ಇಲ್ವೇನೇ?"

ನಮ್ಮ ಯಜಮಾನರು ಕೇಳುವ ಮೊದಲೇ ಹೊದಿಕೆಯಿಂದ ತಲೆ ಹೊರಗೆ ಹಾಕಿದರು. "ನನ್ನ ನೋಡಬೇಡ. ಆಫೀಸಿಂದ ನೆಟ್ಟಗೆ ಮನೆಗೆ ಬಂದಿದ್ದೀನಿ. ಬೇಕಾದ್ರೆ ಬಾಯಿ ಮೂಸು." ನಾನು ಮೂಸಿದೆ. ಏನೂ ಇರಲಿಲ್ಲ. ಉಳಿದವಳು ಒಬ್ಬಳೇ. ಅವಳು ಹಿಂದಿನ ರಾತ್ರಿ ಗೆಳತಿಯ ಮನೆಯಲ್ಲಿ ಉಳಿದಿದ್ದಳು, ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಕೂಗು ಕೇಳಿಸಿತು. ಎದುರು ಮನೆಯ ಗಂಗಾಂಬಿಕೆ, ನಾವೆಲ್ಲ ಗಂಗಕ್ಕ ಎನ್ನುತ್ತೇವೆ, ಬಾಗಿಲಲ್ಲಿ ನಿಂತು "ನಮ್ಮನೇದೂ ಒಡೀತು ಕಣ್ರೀ!" ಎಂದು ಕೂಗುತ್ತಿದ್ದಳು. ಮಗ ಹುಟ್ಟಿದ ಸುದ್ದಿ ಹೇಳುವ ಹಾಗಿತ್ತು ಆ ದನಿ. ಪಕ್ಕದ ಮನೆಯಿಂದ "ನಮ್ಮದೂ", ಆಚೆಯಿಂದ "ನಮ್ಮದೂ" ಎಂಬ ಉತ್ತರ ಬಂತು. ಹೆಂಗಸರೆಲ್ಲ ಒಡೆದ ಹಾಲಿನ ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದು ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಎಲ್ಲರ ಮನೆಯದೂ ಒಡೆದಿದೆ ಎಂದರೆ ತಪ್ಪು ಮನೆಯವರದಲ್ಲ, ಹಾಲಿನವನದು. ಹಾಲು ಹಾಕುವ ಚಿಕ್ಕಣ್ಣನನ್ನು ಬೀದಿಯ ತುದಿಯಲ್ಲೇ ತಡೆದು ನಿಲ್ಲಿಸಿದರು.

"ನಮ್ಮ ಹಸುಗಳಾಣೆ ತಾಯಿ, ಬೆಳಗ್ಗೆ ಕರೆದದ್ದನ್ನೇ ತಂದಿದ್ದೀನಿ" ಎಂದು ಅವನು ಕೈಮುಗಿದ. ಗಂಗಕ್ಕ ಅವನ ಕ್ಯಾನನ್ನು ಮೋರಿಗೆ ಸುರಿಸಿದಳು. ನಾನೂ ಎರಡು ಮಾತು ಬೈದೆ. ಅಷ್ಟೊಂದು ಹಗುರವಾಗಿತ್ತು ನನ್ನ ಮನಸ್ಸು.

ಆ ಹಗುರ ಹೆಚ್ಚು ಹೊತ್ತು ಉಳಿಯಲಿಲ್ಲ. ಹೊಲಿದಿಟ್ಟಿದ್ದ ಬ್ಲೌಸ್ ಕೊಡಲು ಮೂಲೆ ಮನೆಯ ಡ್ರಾಯಿಂಗ್ ಮೇಷ್ಟ್ರ ಹೆಂಡತಿಯ ಹತ್ತಿರ ಹೋದೆ. ಮಕ್ಕಳಿಲ್ಲದ ದಂಪತಿ ಅವರು. ಆಕೆ ಕಾಫಿ ತಂದು ಕೊಟ್ಟರು. ಬೆಳ್ಳಗಿತ್ತು, ಮೇಲೆ ಕೆನೆ ಬೇರೆ.

"ಯಾವ ಹಾಲು ಇದು?" ಎಂದೆ.

"ಚಿಕ್ಕಣ್ಣಂದೇ. ಇನ್ಯಾರದು?"

ಲೋಟವನ್ನು ಹಾಗೇ ಕೆಳಗಿಟ್ಟೆ. ಅಲ್ಲಿಂದ ಎದ್ದು, ಗುಂಡಿ ಹಾಕುವುದು ಉಳಿದಿದೆ, ಅಳತೆ ಸರಿಯಿದೆಯೇ ನೋಡಬೇಕು ಎಂದು ನೆಪ ಹೇಳಿಕೊಂಡು ಇನ್ನೂ ಕೆಲವು ಮನೆಗಳಿಗೆ ಹೋದೆ. ಒಂದನೇ ಕ್ಲಾಸಿನ ಮಗುವಿರುವ ಮನೆಯಲ್ಲಿ ಹಾಲು ಒಡೆದಿರಲಿಲ್ಲ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಒಡೆದಿರಲಿಲ್ಲ. ಅವರೆಲ್ಲ ಬೀದಿಯ ಗದ್ದಲ ಕೇಳಿ, ನಮ್ಮದು ಮಾತ್ರ ಹೇಗೋ ಬಚಾವಾಯಿತು ಎಂದು ಸುಮ್ಮನಿದ್ದರು. ಒಡೆದದ್ದು ಗುಡ್ಡದ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಮಾತ್ರ.

ಮನೆಗೆ ಬಂದು ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಕಾಲು ಆಡಲಿಲ್ಲ. ಕಳೆದ ಸಲವೂ ಪರೀಕ್ಷೆ ಮುಗಿದಾಗಲೇ ಬೀದಿಯ ಹಾಲೆಲ್ಲ ಒಡೆದಿತ್ತು, ಬಿಸಿಲು ಜಾಸ್ತಿ ಎಂದಿದ್ದೆವು. ಅದಕ್ಕೂ ಹಿಂದೆ ಒಮ್ಮೆ ಒಡೆದಾಗ, ಆಗಿನ ಹಾಲಿನವನನ್ನು ಓಡಿಸಿ ಈ ಚಿಕ್ಕಣ್ಣನನ್ನು ಗೊತ್ತುಮಾಡಿಕೊಂಡಿದ್ದೆವು. ಆ ದಿನ ನೆನಪಿನಲ್ಲಿ ಉಳಿಯಲು ಬೇರೆ ಕಾರಣವೂ ಇತ್ತು. ಮೆಡಿಕಲ್ ಸ್ಟೋರಿನವರ ಮಗ ಸುಹಾಸ ತೀರಿಕೊಂಡದ್ದು ಅದರ ಹಿಂದಿನ ದಿನ. ಗೆಳೆಯರ ಜೊತೆ ಪಿಕ್‌ನಿಕ್ಕಿಗೆ ಹೋದವನು ಢಾಬಾದ ಬಿರಿಯಾನಿ ತಿಂದು ವಿಷವಾಗಿ ಹೋಗಿಬಿಟ್ಟ ಎಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಹಾಗಾಗಿ ಆ ಮನೆಯ ಹಾಲು ಏನು ಹೇಳುತ್ತಿತ್ತೋ ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಹೆಂಗಸರು ಸೇರಿದ್ದಾಗ ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಚಿಕ್ಕಣ್ಣನ ತಪ್ಪಲ್ಲ, ನಮ್ಮ ಮಕ್ಕಳೆಲ್ಲ ಒಂದೇ ದಿನ ಕೂಡಿಕೊಂಡು ಕುಡಿಯುತ್ತಿದ್ದಾರೆ ಎಂದೆ.

"ನಿಮ್ಮನೆ ಹಾಲು ಒಡೆದ್ರೆ ನಿಮ್ಮ ಮಗಳನ್ನ ಕೇಳ್ಕೊಳ್ಳಿ ಪಂಕಜಮ್ಮ" ಎಂದಳು ಗಂಗಕ್ಕ. "ನಮ್ಮ ಯತೀಶ ಉಪ್ಪಿನಕಾಯಿ ವಾಸನೆಗೇ ಮೂಗು ಮುಚ್ಕೊಳ್ಳೋ ಹುಡುಗ. ಬೀದಿ ಮಕ್ಕಳನ್ನೆಲ್ಲ ಯಾಕೆ ಎಳೀತೀರಿ?"

"ಎಳೀತಿಲ್ಲ ಗಂಗಕ್ಕ. ಒಂದು ಸಲ ಅವನನ್ನ ಕೂರಿಸ್ಕೊಂಡು ಕೇಳಿ ನೋಡಿ ಅಂತ."

"ಕೇಳೋದಾ? ಹೆತ್ತ ಮಗನ್ನ ಕುಡೀತೀಯೇನೋ ಅಂತ ಬಾಯಿಬಿಟ್ಟು ಕೇಳೋದಾ? ಥೂ, ಯಾವ ತಾಯಿ ಕೇಳ್ತಾಳೆ ಹಾಗೆ!"

ಮರುದಿನದಿಂದ ಬೆಳಗ್ಗೆ ನಮ್ಮ ಮನೆಗೆ ಬರುವವರು ಜಾಸ್ತಿಯಾದರು. ಒಬ್ಬಳಿಗೆ ಸೂಜಿ ಬೇಕು, ಇನ್ನೊಬ್ಬಳಿಗೆ ಕರಿಬೇವು ಬೇಕು. ಎಲ್ಲರ ಕಣ್ಣೂ ನನ್ನ ಕಾಫಿ ಲೋಟದ ಮೇಲೆ. ಇಷ್ಟು ದಿನ ನಾನು ಮಾಡುತ್ತಿದ್ದ ಕೆಲಸವನ್ನು ಈಗ ನನ್ನ ಮೇಲೆ ಮಾಡುತ್ತಿದ್ದರು.

ನಾನೂ ಸುಮ್ಮನಿರಲಿಲ್ಲ. ಇಂಚರ ಸ್ನಾನಕ್ಕೆ ಹೋದಾಗ ಅವಳ ಬ್ಯಾಗು ತಡಕಿದೆ. ದುಪಟ್ಟಾ ಮೂಸಿದೆ. ಅವಳ ಗೆಳತಿಯರನ್ನು ಕರೆದು ಚಕ್ಕುಲಿ ಕೊಟ್ಟು ಬಾಯಿ ಬಿಡಿಸಲು ನೋಡಿದೆ. ಅವರು ಚಕ್ಕುಲಿಯನ್ನಷ್ಟೇ ತಿಂದರು. ಯಜಮಾನರಿಗೆ ಹೇಳಿದರೆ "ಈಗ ಒಡೀತಿಲ್ಲವಲ್ಲ ಹಾಲು, ಸುಮ್ಮನೆ ತಲೆಗೆ ಹುಳ ಬಿಟ್ಕೋಬೇಡ" ಎಂದು ಪೇಪರು ತಿರುವಿದರು. ಮಗಳೋ, ತಣ್ಣಗೆ ನಗುತ್ತಾ ಓಡಾಡಿಕೊಂಡಿದ್ದಳು. ನಾನು ಬ್ಯಾಗು ತಡಕಿದ ದಿನ ಅದರೊಳಗೆ ಪುಸ್ತಕಗಳನ್ನು ನೀಟಾಗಿ ಜೋಡಿಸಿಟ್ಟಿದ್ದಳು. ಇಷ್ಟೊಂದು ನೀಟು ಯಾಕೆ ಎಂದು ಅದರ ಮೇಲೂ ಅನುಮಾನ ಬಂತು.

ಹೀಗೇ ತಿಂಗಳುಗಳು ಕಳೆದು ವರ್ಷದ ಪರೀಕ್ಷೆ ಬಂತು. ಕೊನೆಯ ಪೇಪರು ಹತ್ತಿರವಾದಂತೆ ನನಗೆ ಊಟ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸುಹಾಸನ ಶವ ತಂದ ವ್ಯಾನು ಕಾಣುತ್ತಿತ್ತು, ಹತ್ತಿರ ಹೋಗಿ ನೋಡಿದರೆ ಒಳಗೆ ನನ್ನ ಮಗಳು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಓದುತ್ತಾ ಕೂತಿದ್ದವಳ ಎದುರು ಮಣೆ ಹಾಕಿಕೊಂಡು ಕೂತೆ. ಇಂಥ ಮಾತಿಗೆ ನಮ್ಮೂರಿನಲ್ಲಿ ಮಾದರಿ ಇಲ್ಲ, ಹೇಗೆ ಶುರು ಮಾಡಬೇಕೆಂದು ಯಾರೂ ಕಲಿಸಿಲ್ಲ.

"ಇಂಚರ, ನೀನು ಕುಡೀತೀಯಾ?" ಎಂದೆ.

ಅವಳು ತಲೆ ಎತ್ತಿದಳು. ಬೈಗುಳಕ್ಕೆ ತಯಾರಾಗಿದ್ದಳೇನೋ, ಪ್ರಶ್ನೆಗೆ ತಯಾರಿರಲಿಲ್ಲ. ನನ್ನನ್ನೇ ನೋಡಿ, "ಕೇಳ್ತಾ ಇದ್ದೀಯಾ ಅಥವಾ ಪರೀಕ್ಷೆ ಮಾಡ್ತಾ ಇದ್ದೀಯಾ?" ಎಂದಳು.

"ಕೇಳ್ತಾ ಇದ್ದೀನಿ ಕಣೇ. ಬೈಯಲ್ಲ. ಅಪ್ಪನಿಗೆ ನೀನು ಬೇಡ ಅಂದ್ರೆ ಹೇಳಲ್ಲ."

"ಕುಡೀತೀನಿ" ಎಂದಳು. "ದಿನ ಗೊತ್ತು ಮಾಡೋದೇ ನಾನು."

ಅವಳು ಒಂದೊಂದಾಗಿ ಹೇಳುತ್ತಾ ಹೋದಳು. ಅವರ ಗ್ಯಾಂಗು ಎಂದರೆ ಚಿಕ್ಕಣ್ಣನ ಹಾಲು ಹಾಕಿಸಿಕೊಳ್ಳುವ ಮನೆಗಳ ಮಕ್ಕಳು. ಬೇರೆ ಹಾಲಿನವರದು ಬೇರೆ ಗ್ಯಾಂಗು. ಒಬ್ಬನ ಮನೆಯ ಹಾಲು ಒಡೆದರೆ ಅವನು ಸಿಕ್ಕಿಬೀಳುತ್ತಾನೆ, ಎಲ್ಲರ ಮನೆಯದೂ ಒಡೆದರೆ ಹಾಲಿನವನು ಸಿಕ್ಕಿಬೀಳುತ್ತಾನೆ. ಅದಕ್ಕೇ ಎಲ್ಲರೂ ಒಂದೇ ದಿನ ಕುಡಿಯಬೇಕು. ವರ್ಷಕ್ಕೆ ಒಂದೆರಡು ಸಲ ಮಾತ್ರ ಸಿಗುವ ದಿನ ಅದು, ಅಂದಮೇಲೆ ಅಷ್ಟೂ ತಿಂಗಳಿನದನ್ನು ಒಂದೇ ದಿನ ಕುಡಿದು ಮುಗಿಸಬೇಕು. ಅಷ್ಟೇ ಅಲ್ಲ, ಬೇಡ ಎನ್ನುವವರೂ ಕುಡಿಯಲೇಬೇಕು. ಕಾಲೇಜು ಮಕ್ಕಳಿರುವ ಮನೆಗಳಲ್ಲಿ ಒಂದರ ಹಾಲು ಚೆನ್ನಾಗಿದ್ದರೂ, ಅವರ ಮಗ ಕುಡಿದಿಲ್ಲ, ನಮ್ಮವನೇ ಕುಡಿದಿರಬೇಕು ಎಂದು ಉಳಿದವರ ಮನೆಯಲ್ಲಿ ಅನುಮಾನ ಹುಟ್ಟುತ್ತದೆ.

"ಬೇಡ ಅನ್ನೋರು ಒಂದು ಹನಿ ನಾಲಿಗೆಗೆ ಹಚ್ಕೊಂಡ್ರೆ ಸಾಕಲ್ಲೇ" ಎಂದೆ.

"ಒಂದು ಹನಿ ಕುಡಿದ್ರೂ ಒಡೆಯುತ್ತೆ, ಒಂದು ಬಾಟ್ಲಿ ಕುಡಿದ್ರೂ ಅಷ್ಟೇ ಒಡೆಯುತ್ತೆ. ಹಾಗಿದ್ಮೇಲೆ ಒಂದು ಹನಿಗೆ ಯಾರಮ್ಮಾ ನಿಲ್ಲಿಸ್ತಾರೆ?"

"ಇಷ್ಟೆಲ್ಲ ಉಪಾಯ ಎಲ್ಲಿ ಕಲಿತೆ ನೀನು?"

"ನಿನ್ನ ಹತ್ರ" ಎಂದಳು. ಅದರಲ್ಲಿ ಕುಹಕ ಇರಲಿಲ್ಲ. "ಯಾರಿಗೆ ಯಾವಾಗ ಯಾಕೆ ಅನುಮಾನ ಬರುತ್ತೆ ಅಂತ ಚಿಕ್ಕಂದಿನಿಂದ ನಿನ್ನ ನೋಡ್ಕೊಂಡು ಬಂದಿದ್ದೀನಲ್ಲ."

ಸುಹಾಸನ ಹೆಸರನ್ನು ನಾನು ಎತ್ತಲಿಲ್ಲ, ಅವಳೇ ಎತ್ತಿದಳು. ಅವನಿಗೆ ಅದು ಮೊದಲ ಸಲವಂತೆ. ಬೇಡ ಎಂದನಂತೆ. ನಿನ್ನಿಂದ ಎಲ್ಲರೂ ಸಿಕ್ಕಿಬೀಳ್ತೀವಿ ಎಂದು ಇವರೆಲ್ಲ ಸೇರಿ ಕುಡಿಸಿದರಂತೆ. ಆಮೇಲೆ ಅವನಿಗೇ ರುಚಿ ಹತ್ತಿ, ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲವಂತೆ. ಹಳೇ ಇಟ್ಟಿಗೆ ಗೂಡಿನ ಹಿಂದೆ ಮಲಗಿದ. "ಗೊರಕೆ ಹೊಡೀತಿದ್ದ ಅಮ್ಮಾ. ನಿದ್ದೆ ಮಾಡ್ತಿದಾನೆ ಅಂದ್ಕೊಂಡ್ವಿ. ಆಮೇಲೆ ಗೊರಕೆ ನಿಂತಿತು. ಆಗ ಯಾರಿಗಾದ್ರೂ ಫೋನ್ ಮಾಡೋಣ ಅಂತ ಒಬ್ಬಳು ಅಂದ್ಲು. ಮಾಡಿದ್ರೆ ಎಲ್ಲಾ ಗೊತ್ತಾಗುತ್ತೆ ಅಂತ ನಾನೇ ತಡೆದೆ." ಅವಳು ಪುಸ್ತಕದ ಮೇಲೆ ಮುಖವಿಟ್ಟು ಅತ್ತಳು. ಆ ಬಿರಿಯಾನಿಯ ಕಥೆ ಕಟ್ಟಿದ್ದೂ ಅವಳೇ.

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಕೂತಿದ್ದೆ. ಕೊನೆಗೆ "ಈ ಸಲ ಹೋಗಬೇಡ" ಎಂದೆ.

"ನಾನು ಹೋಗದಿದ್ರೆ ನಮ್ಮನೆ ಹಾಲು ಒಡೆಯಲ್ಲ. ಒಡೆಯದಿದ್ರೆ ಬೀದಿಯೋರು ಬರ್ತಾರೆ ಕಾಫಿ ನೋಡೋಕೆ. ಎಲ್ಲರೂ ಸಿಕ್ಕಿಬೀಳ್ತಾರೆ. ಅವರೆಲ್ಲ ಹೇಗೂ ಹೋಗ್ತಾರೆ ಅಮ್ಮಾ, ನಾನಿಲ್ಲದಿದ್ರೆ ಇನ್ನೂ ಜಾಸ್ತಿ ಕುಡೀತಾರೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದವಳು ಚಿಕ್ಕಣ್ಣನಿಗೆ ನಾಳೆಯಿಂದ ಹಾಲು ಬೇಡ ಎಂದೆ. ಅವನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದ. ಶೆಟ್ಟರ ಅಂಗಡಿಗೆ ಹೋಗಿ, ನಾಲ್ಕು ಜನರ ಎದುರು, ದೊಡ್ಡ ದನಿಯಲ್ಲೇ ಹಾಲಿನ ಪುಡಿ ಕೇಳಿದೆ. ಶೆಟ್ಟರು ಪೇಪರಿಗೆ ಕೈ ಹಾಕಿದರು.

"ಸುತ್ತಬೇಡಿ, ಹಾಗೇ ಕೊಡಿ" ಎಂದೆ. ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ಬೀದಿಯುದ್ದಕ್ಕೂ ನಡೆದು ಬಂದೆ. ಗಂಗಕ್ಕನ ಮನೆಯ ಕಿಟಕಿ ತೆರೆಯಿತು, ಮುಚ್ಚಿತು.

ಮನೆಯಲ್ಲಿ ರಾಮಾಯಣವೇ ಆಯಿತು. ಅತ್ತೆ ಹಣೆ ಚಚ್ಚಿಕೊಂಡರು. ಯಜಮಾನರು ಮೊದಲ ಬಾರಿ ನನ್ನ ಮೇಲೆ ಕೂಗಾಡಿದರು. "ನಾನು ಕುಡುಕ ಅಂತ ಊರೆಲ್ಲ ಮಾತಾಡ್ಕೊಳ್ಳುತ್ತೆ! ನಾಳೆ ಇವಳಿಗೆ ಗಂಡು ಎಲ್ಲಿಂದ ತರ್ತೀಯಾ?"

"ಮಗಳು ಇದ್ರೆ ತಾನೇ ಗಂಡು" ಎಂದೆ. ಆ ದಿನ ಬ್ಲೌಸ್ ಬಟ್ಟೆ ಕೊಡಲು ಬರಬೇಕಿದ್ದ ಮೂವರು ಬರಲಿಲ್ಲ.

ಇಂಚರ ಆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳನ್ನು ಕೂರಿಸಿಕೊಂಡು, ಯೋಚನೆ ಮಾಡಿಟ್ಟಿದ್ದನ್ನು ಹೇಳಿದೆ. "ನೋಡು, ನಮ್ಮನೇಲಿ ಇನ್ನು ಹಾಲು ಕಾಯಿಸಲ್ಲ. ನೀನು ಕುಡಿದ್ರೂ ನನಗೆ ಗೊತ್ತಾಗಲ್ಲ, ಕುಡಿಯದಿದ್ರೂ ಗೊತ್ತಾಗಲ್ಲ. ನೀನೀಗ ಪುಡಿ ಮನೆಯವಳು, ಕುಡೀಲೇಬೇಕು ಅಂತ ಯಾರೂ ನಿನ್ನ ಬಲವಂತ ಮಾಡೋ ಹಾಗಿಲ್ಲ. ಕುಡಿಯೋದು ನನಗೆ ಇಷ್ಟ ಇಲ್ಲ. ಅದನ್ನ ಇವತ್ತೇ ಸ್ಪಷ್ಟವಾಗಿ ಹೇಳ್ತಿದ್ದೀನಿ. ಆದ್ರೆ ಯಾರಿಗಾದ್ರೂ ಏನಾದ್ರೂ ಆದ್ರೆ, ನಿನಗೇ ಆಗಲಿ, ಬೇರೆಯವರಿಗೇ ಆಗಲಿ, ಮೊದಲು ನನಗೆ ಫೋನ್ ಮಾಡು. ಎಲ್ಲಿದ್ರೂ ಬರ್ತೀನಿ. ಆ ದಿನ ಒಂದು ಮಾತೂ ಬೈಯಲ್ಲ."

"ಆಮೇಲೆ ಬೈತೀಯಾ?"

"ಆಮೇಲೆ ನೋಡೋಣ" ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಯ ಪೇಪರು ಮುಗಿದ ಮರುದಿನ ಬೆಳಗ್ಗೆ ತಲೆ ಬಾಚಿಕೊಂಡು "ಹೋಗಿ ಬರ್ತೀನಿ, ಇಟ್ಟಿಗೆ ಗೂಡಿನ ಹತ್ರ" ಎಂದು ಹೇಳಿಯೇ ಹೋದಳು. ಹಾಗೆ ಹೇಳಿ ಹೋದ ಮಗಳನ್ನು ಕಳಿಸಿಕೊಟ್ಟ ತಾಯಿ ನಮ್ಮೂರಿನಲ್ಲಿ ನಾನೊಬ್ಬಳೇ ಇರಬೇಕು. ಹೊಲಿಯಲು ಕೂತರೆ ತೋಳು ಕತ್ತರಿಸುವ ಕಡೆ ಕೊರಳು ಕತ್ತರಿಸಿದೆ. ಅವಳು ಹೇಳಿದ್ದೆಲ್ಲ ನನ್ನನ್ನು ಬೇಸ್ತು ಬೀಳಿಸಲಿಕ್ಕೇ ಇರಬಹುದೇ? ಅತ್ತಿದ್ದೂ ನಾಟಕವೇ? ಹಾಲು ನಿಲ್ಲಿಸುವಂತೆ ನನ್ನಿಂದಲೇ ಮಾಡಿಸಿ, ಇನ್ನು ನಿತ್ಯವೂ ಕುಡಿಯಬಹುದು ಎಂದು ಒಳಗೊಳಗೇ ನಗುತ್ತಿದ್ದಾಳೆಯೇ? ನನ್ನಂಥವಳ ಮಗಳು ಅವಳು, ಅಷ್ಟು ಮಾಡಲಾರಳೇ? ಫೋನನ್ನು ಮಿಷನ್ನಿನ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆ.

ಊಟದ ಹೊತ್ತು ಕಳೆದ ಮೇಲೆ ಅದು ಬಡಿದುಕೊಂಡಿತು.

"ಅಮ್ಮಾ, ಬಾ. ಯತೀಶ ಎಬ್ಬಿಸಿದ್ರೆ ಏಳ್ತಿಲ್ಲ. ಮೈ ತಣ್ಣಗಾಗಿದೆ."

ಹಿಂದಿನಿಂದ "ಯಾರಿಗೇ ಫೋನು? ಕಟ್ ಮಾಡೇ!" ಎಂದು ಯಾರೋ ತೊದಲುವುದು ಕೇಳಿಸಿತು. ಇಂಚರ ಕಟ್ ಮಾಡಲಿಲ್ಲ. "ವಾಂತಿ ಗಂಟಲಿಗೆ ಸಿಕ್ಕದ ಹಾಗೆ ಒಂದು ಪಕ್ಕಕ್ಕೆ ಹೊರಳಿಸಿ ಹಿಡ್ಕೊಂಡಿದ್ದೀನಿ. ಬೇಗ ಬಾ."

ಸ್ಕೂಟಿ ಹತ್ತಿದೆ. ಸ್ಟ್ಯಾಂಡಿನಲ್ಲಿ ಒಂದು ಆಟೋ ಹಿಡಿದು ಹಿಂದೆಯೇ ಬರಲು ಹೇಳಿದೆ. ಇಟ್ಟಿಗೆ ಗೂಡಿನ ಹಿಂದೆ ನಮ್ಮ ಬೀದಿಯ ಮಕ್ಕಳೆಲ್ಲ ಇದ್ದರು. ನಾನು ಲಂಗ ಹೊಲಿದುಕೊಟ್ಟ ಹುಡುಗಿಯರು, ನನ್ನ ಮಡಿಲಲ್ಲಿ ಉಚ್ಚೆ ಹೊಯ್ದ ಹುಡುಗರು. ಒಬ್ಬ ಗೋಡೆಗೆ ತಲೆಯಿಟ್ಟು ಕೂತಿದ್ದ, ಒಬ್ಬಳು ಸುಮ್ಮನೆ ನಗುತ್ತಿದ್ದಳು, ನನ್ನನ್ನು ಕಂಡು ಇಬ್ಬರು ಓಡಲು ಹೋಗಿ ಬಿದ್ದರು. ಉಪ್ಪಿನಕಾಯಿ ವಾಸನೆಗೇ ಮೂಗು ಮುಚ್ಚುವ ಹುಡುಗ ಯತೀಶ ಮಣ್ಣಿನ ಮೇಲೆ ಬಿದ್ದಿದ್ದ, ತುಟಿ ನೀಲಿಯಾಗಿತ್ತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮಗಳು ಕೂತಿದ್ದಳು. ನೆಟ್ಟಗೆ ಕೂತಿದ್ದಳು. ಅವಳ ಕಣ್ಣು ನನ್ನನ್ನು ಸರಿಯಾಗಿ ನೋಡಿತು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿರಲಿಲ್ಲ ಎಂದರು ಡಾಕ್ಟರು. ಗಂಗಕ್ಕ ಬಂದಾಗ ಅವಳ ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು. ಮಗ ಉಸಿರಾಡುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ನನ್ನ ಪಕ್ಕ ಕುಸಿದಳು.

"ನಮಗೆ ನಾಳೆ ಬೆಳಗ್ಗೆ ಹಾಲು ಒಲೆಗಿಡೋವರೆಗೂ ಗೊತ್ತಾಗ್ತಿರಲಿಲ್ಲ" ಎಂದಳು. "ನಾಳೆಯೂ ಚಿಕ್ಕಣ್ಣನ್ನೇ ಬೈತಿದ್ದೆ. ನಿಮಗೆ ಹೇಗೆ ಗೊತ್ತಾಯ್ತು ಪಂಕಜಮ್ಮ? ನಿಮ್ಮನೇಲಿ ಹಾಲೇ ಇಲ್ವಲ್ಲ."

"ಇಂಚರ ಹೇಳಿದ್ಲು."

"ಹೇಳಿದ್ಲಾ? ಅವಳಾಗೇ?"

"ಅವಳಾಗೇ."

ಗಂಗಕ್ಕ ಸೌಟನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ಎದ್ದು ಮಗನ ವಾರ್ಡಿಗೆ ಹೋದಳು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಅವನು ಕಣ್ಣು ಬಿಟ್ಟಿದ್ದ. ಅವಳು ಏನೋ ಕೇಳಲು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ ಅವಳ ಬಾಯಿಂದ ಹೊರಟದ್ದು "ಗಂಜಿ ಕುಡೀತೀಯೇನೋ?" ಎಂಬ ಮಾತು ಮಾತ್ರ.

ಹೊರಗೆ ಸಂಜೆಯಾಗುತ್ತಿತ್ತು. ಇಂಚರ ಸ್ಕೂಟಿಗೆ ಒರಗಿ ನಿಂತಿದ್ದಳು, ಚೂಡಿದಾರಿನ ಮೇಲೆಲ್ಲ ವಾಂತಿ, ಮಣ್ಣು.

"ಕೇಳು ಅಮ್ಮಾ" ಎಂದಳು. "ಕೇಳಬೇಕು ಅಂತಿದೆಯಲ್ಲ, ಕೇಳು."

"ಕುಡಿದ್ಯಾ?"

"ಅರ್ಧ ಲೋಟ. ಮೊದಲೇ. ಆಮೇಲೆ ನಾನ್ಯಾಕೆ ಕುಡೀಬೇಕು ಅನ್ನಿಸ್ತು. ಇಟ್ಟುಬಿಟ್ಟೆ."

ಅರ್ಧವೋ, ಪೂರ್ತಿಯೋ, ಎರಡೋ. ನಂಬಿದೆ ಎಂದರೆ ಸುಳ್ಳಾಗುತ್ತದೆ, ನಂಬಲಿಲ್ಲ ಎಂದರೂ ಸುಳ್ಳೇ. ಅವಳ ಮೈಯಿಂದ ಬರುತ್ತಿದ್ದ ವಾಸನೆ ಅವಳದೋ ಯತೀಶನದೋ ಹೇಳುವಂತಿರಲಿಲ್ಲ. "ಆ ಅರ್ಧ ಲೋಟವೂ ನನಗೆ ಇಷ್ಟವಾಗಲಿಲ್ಲ" ಎಂದೆ. "ಗೊತ್ತು" ಎಂದಳು. ನಾನು ಕೀ ತಿರುಗಿಸಿದೆ, ಅವಳು ಹಿಂದೆ ಕೂತಳು. ಗೇಟು ದಾಟುವಾಗ ನನ್ನ ಭುಜ ಹಿಡಿದಳು.

"ಮನೆಗೆ ಬೇಡ ಅಮ್ಮಾ. ಸುಹಾಸನ ಮನೆಗೆ ಹೋಗೋಣ."

"ಈ ಅವತಾರದಲ್ಲಾ? ನಾಳೆ ಹೋಗೋಣ."

"ನಾಳೆ ಅಂದ್ರೆ ನನಗೆ ಬಾಯಿ ಬರಲ್ಲ. ಈಗಲೇ."

ಗಾಡಿ ತಿರುಗಿಸಿದೆ. ಆ ತಾಯಿ ಏನು ಮಾಡಬಹುದು, ಏನು ಅನ್ನಬಹುದು, ನನ್ನ ಮಗಳನ್ನು ಪೊಲೀಸಿಗೆ ಕೊಡಬಹುದೇ, ಏನೊಂದೂ ಗೊತ್ತಿರಲಿಲ್ಲ. ಆದರೂ ಬ್ರೇಕು ಹಾಕಲು ಮನಸ್ಸು ಬರಲಿಲ್ಲ. ಬೆಲ್ ಮಾಡಿದಾಗ ಆಕೆಯೇ ಬಾಗಿಲು ತೆರೆದರು. ಮಗ ಹೋದ ಮೇಲೆ ತೀರಾ ಇಳಿದುಹೋಗಿದ್ದರು. ಇಂಚರಳ ಬಟ್ಟೆ ನೋಡಿ ಗಾಬರಿಯಾಗಿ, "ಅಯ್ಯೋ, ಏನಾಯ್ತೇ ಮಗು? ಬಿದ್ದೆಯಾ? ಒಳಗೆ ಬನ್ನಿ, ಒಂದು ಲೋಟ ಕಾಫಿ ಮಾಡ್ತೀನಿ" ಎಂದು ಅಡುಗೆಮನೆಯ ಕಡೆ ತಿರುಗಿದರು.

ನನ್ನ ಮಗಳು ಅವರ ಸೆರಗು ಹಿಡಿದು ನಿಲ್ಲಿಸಿದಳು.

"ಕಾಫಿ ಬೇಡ ಆಂಟಿ" ಎಂದಳು. "ಇಲ್ಲಿ ಕೂತ್ಕೊಳ್ಳಿ. ಸುಹಾಸನ ವಿಷಯ ನಾನು ನಿಮಗೆ ಹೇಳಬೇಕು."